ಕೆಳಗ ಜಾಗಾ ಇಲ್ಲ, ಮ್ಯಾಲ ಹಾಕ್ರಿ

ಹೋದ ತಿಂಗಳು ಜೇವರ್ಗಿಯಲ್ಲಿ ನಮ್ಮ ಕಾಕಾನಿಗೆ ಶಾಲು ಹೊದಿಸಿದರು. ಊರಿಗೆ ಮೊಟ್ಟಮೊದಲು ಕಂಪ್ಯೂಟರ್ ತಂದ ಮಹನೀಯರು ಎಂದು ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದರು. ಮಹನೀಯರಂತೆ! ಅಪ್ಪನ ತಮ್ಮನಾದ ಈ ಮನುಷ್ಯನನ್ನು ನಾನು ಬುದ್ಧಿ ತಿಳಿದಾಗಿನಿಂದ ನೋಡುತ್ತ ಬಂದಿದ್ದೇನೆ. ಇವತ್ತಿಗೂ ಅಂಗಿಯ ಗುಂಡಿಯನ್ನು ಸರಿಯಾದ ಕಾಜಿಗೆ ಹಾಕಿಕೊಳ್ಳಲು ಬರುವುದಿಲ್ಲ. ಅಂದು ವೇದಿಕೆಯ ಮೇಲೂ ಅಂಗಿಯ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಇತ್ತು, ಶಾಲು ಬಂದು ಮರ್ಯಾದೆ ಉಳಿಸಿತು. ಕಂಪ್ಯೂಟರ್ ತಂದದ್ದು ಸುಳ್ಳಲ್ಲ. ಆದರೆ ತರುವುದಕ್ಕೂ ನಡೆಸುವುದಕ್ಕೂ ಇರುವ ಅಂತರವನ್ನು ಆ ಸಂಘದವರಿಗೆ ಯಾರೂ ಹೇಳಿದಂತಿರಲಿಲ್ಲ. ಎರಡನೇ ಸಾಲಿನಲ್ಲಿ ನಾನು ಕುಳಿತಿದ್ದೆ, ಪಕ್ಕದಲ್ಲಿ ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ ನೀಲಮ್ಮ. ಕಾಕಾ ತಮ್ಮ ಭಾಷಣದಲ್ಲಿ ಒಂದು ಮಾತು ಹೇಳಿದರು. ಆ ಮಾತಿನ ಸಲುವಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಮನೆ.

ನಮ್ಮ ಮನೆ ವಿಜಯಪುರ ರಸ್ತೆಯ ಹಿಂದಿನ ಓಣಿಯಲ್ಲಿತ್ತು. ಲಾರಿ ಹೋದಾಗಲೆಲ್ಲ ಅಡುಗೆಮನೆಯ ಹಿತ್ತಾಳೆ ತಂಬಿಗೆಗಳು ಒಂದಕ್ಕೊಂದು ತಾಗಿ ಗುಣುಗುಟ್ಟುತ್ತಿದ್ದವು. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ನಾಲ್ಕು ಮೆಟ್ಟಿಲು ಏರಿದರೆ ಪಡಸಾಲೆ, ಒಳಗೆ ಕತ್ತಲೆಯ ನಡುಮನೆ, ಅದಕ್ಕೂ ಒಳಗೆ ಅಡುಗೆಮನೆ. ಪಡಸಾಲೆ ಗಂಡಸರದು. ಅಲ್ಲಿ ಅಪ್ಪ ಗೋಡೆಗೆ ಒರಗಿ ಮಾತಾಡದೆ ಕೂರುತ್ತಿದ್ದರು, ಕಾಕಾ ಮಾತಾಡುತ್ತ ಕೂರುತ್ತಿದ್ದರು. ನಡುಮನೆಯ ಅರ್ಧ ಜೋಳದ ಚೀಲಗಳದು. ಉಳಿದರ್ಧದಲ್ಲಿ ಆಯಿ, ಅವ್ವ, ನಾನು, ತಮ್ಮಂದಿರು ಮಲಗುತ್ತಿದ್ದೆವು. ಮಗ್ಗುಲು ಬದಲಿಸಬೇಕಾದರೆ ಎಲ್ಲರೂ ಒಟ್ಟಿಗೆ ಬದಲಿಸಬೇಕು. ಆಯಿ ಎಂದರೆ ಅಪ್ಪನ ತಾಯಿ. ಮನೆಯ ಎಲ್ಲ ಕೀಲಿಗಳೂ ಅವಳ ಸೊಂಟದಲ್ಲಿ. ಯಾರು ಏನು ಕೇಳಿದರೂ ಅವಳ ಬಾಯಿಗೆ ಬರುತ್ತಿದ್ದ ಮೊದಲ ಮಾತು "ಜಾಗಾ ಎಲ್ಲಿ ಅದ?" ನನಗೆ ಓದಲು ಒಂದು ಮೂಲೆ ಕೇಳಿದೆ, ಜಾಗಾ ಎಲ್ಲಿ ಅದ. ಅವ್ವ ತನ್ನ ತವರಿನ ಟ್ರಂಕು ಒಳಗಿಡಲು ಕೇಳಿದಳು, ಜಾಗಾ ಎಲ್ಲಿ ಅದ. ಹೀಗೆ ಕೇಳುವಾಗ ಅವಳ ಸೊಂಟದಲ್ಲಿ ಅಳಿಯನ ಖೋಲಿಯ ಕೀಲಿ ತೂಗುತ್ತಿತ್ತು.

ಈ ಖೋಲಿ ಮಾಳಿಗೆಯ ಮೇಲಿತ್ತು. ಮನೆಯಲ್ಲಿ ಗಾಳಿ ಬೆಳಕು ಎರಡೂ ಇದ್ದ ಕೋಣೆ ಅದೊಂದೇ. ಎರಡು ಕಿಟಕಿ, ನಯವಾದ ಶಹಾಬಾದ್ ಕಲ್ಲಿನ ನೆಲ, ಗಾದಿ ಹಾಕಿದ ಮಂಚ, ಮಂಚದ ಕೆಳಗೆ ಹೊಳೆಯುವ ಉಗುಳುಬಟ್ಟಲು. ಇಷ್ಟೆಲ್ಲ ಅಫಜಲಪುರದ ಮಾವನ ಸಲುವಾಗಿ, ಅಂದರೆ ನಮ್ಮ ಅತ್ತೆಯ ಗಂಡ, ಮನೆಯ ಏಕೈಕ ಅಳಿಯ. ಆ ಮಹಾರಾಯ ಯಾವುದೋ ಲಗ್ನದಲ್ಲಿ ಉಡುಗೊರೆಯಾಗಿ ಆಯೇರಿ ಮಾಡಿದ ಧೋತರದ ಅಂಚು ಸಣ್ಣದಾಯಿತೆಂದು ಸಿಟ್ಟಾಗಿ, ಹೋಳಿಗೆ ಬಡಿಸಿದ ಎಲೆ ಬಿಟ್ಟು ಎದ್ದು ಹೋಗಿದ್ದ. ನನಗೆ ಅವನ ಮುಖ ಕೂಡ ನೆನಪಿಲ್ಲ. ಬೆನ್ನು ನೆನಪಿದೆ. ಅಂದಿನಿಂದ ಅವನು ಬರಲಿಲ್ಲ, ಪ್ರತಿ ಹಬ್ಬಕ್ಕೂ ಅವನ ಖೋಲಿ ಮಾತ್ರ ಸಾರಿಸಿ ಒರೆಸಿ ತಯಾರಾಗುತ್ತಿತ್ತು. ಆಯಿ ಉಗುಳುಬಟ್ಟಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಕೆಳಗೆ ನಾವು ಒಬ್ಬರ ಕಾಲು ಒಬ್ಬರ ಮುಖಕ್ಕೆ ಇಟ್ಟು ಮಲಗಬೇಕು, ಮೇಲೆ ಒಬ್ಬ ಸಿಡುಕನ ಎಂಜಲು ಉಗುಳಲು ಬಟ್ಟಲು ಕಾಯಬೇಕು. ಇದರ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ಅನಿಸುತ್ತಿರಲಿಲ್ಲ ಎನ್ನುವುದೇ ನನಗೆ ಈಗಲೂ ಹೇಸಿಗೆ.

ಚಿಗವ್ವ ಬಂದದ್ದು ಆ ದಿನಗಳಲ್ಲಿ. ಅವಳನ್ನು ಆಳಂದ ತಾಲೂಕಿನ ಮಟಕಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದು ಕೂರಿಸಿದ ದಿನ ಇವಳು ತನ್ನ ಹೊಲಿಗೆ ಮಶೀನನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಅಕ್ಕನ ಮನೆಗೆ ಬಂದಳು. ಬಟ್ಟೆಯ ಗಂಟನ್ನೂ ಮರೆತು ಬಂದಿದ್ದಳು, ಮಶೀನು ಮರೆತಿರಲಿಲ್ಲ. ಆಯಿ ತಲೆಬಾಗಿಲಲ್ಲೇ ಮೂಗು ಮುರಿದಳು. ಮನುಷ್ಯಳಿಗೆ ಅಡುಗೆಮನೆಯಲ್ಲಿ ಒಲೆಯ ಪಕ್ಕ ಚಾಪೆಯಷ್ಟು ಜಾಗ ಸಿಕ್ಕಿತು. ಮಶೀನಿಗೆ ಅದೂ ಸಿಗಲಿಲ್ಲ. ಗೋಣಿತಟ್ಟು ಸುತ್ತಿ ದನಗಳ ಮಗ್ಗುಲಲ್ಲಿ ಇಟ್ಟರು. ಎಮ್ಮೆ ಅದಕ್ಕೆ ಮೈ ತಿಕ್ಕುತ್ತಿತ್ತು. ಅಳಿಯನ ಖೋಲಿಯಲ್ಲಿ ಕಿಟಕಿಯ ಹತ್ತಿರ ಇಟ್ಟುಕೊಳ್ಳಲಿ, ಓಣಿಯ ಹೆಂಗಸರ ಕುಪ್ಪಸ ಹೊಲಿದು ತನ್ನ ಅನ್ನ ತಾನು ದುಡಿಯುತ್ತಾಳೆ ಎಂದು ಅವ್ವ ಒಮ್ಮೆ ಧೈರ್ಯ ಮಾಡಿ ಕೇಳಿದಳು. ಆಯಿ ಕೇಳಿದ ಪ್ರಶ್ನೆ ಇಷ್ಟೇ:

"ಅಳಿಯ ಬಂದ್ರ ಎಲ್ಲಿ ಕೂಡಸ್ತಿ, ನಿನ್ನ ತಲಿ ಮ್ಯಾಲ?"

ಅಪ್ಪ ಗೋಡೆ ನೋಡುತ್ತಿದ್ದರು. ಆಯಿ ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮಲ್ಲಿ ಜಾಗಾ ಇಲ್ಲ, ನಿಮ್ಮ ಸೊಸೆಯನ್ನು ಒಯ್ಯಿರಿ ಎಂದು ಮಟಕಿಗೆ ಹೇಳಿ ಕಳಿಸಿದಳು. ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಚಿಗವ್ವನ ಮಾವ ಬಂದು ಕರೆದೊಯ್ಯುವುದೆಂದು ಮಾತಾಯಿತು. ಚಿಗವ್ವ ರೊಟ್ಟಿ ಬಡಿಯುತ್ತಲೇ ಇದನ್ನೆಲ್ಲ ಕೇಳಿಸಿಕೊಂಡಳು. ಆ ಮೇಲೆ ಅವಳು ದಿನಕ್ಕೊಮ್ಮೆ ದನಗಳ ಹತ್ತಿರ ಹೋಗಿ, ಗೋಣಿತಟ್ಟು ಸರಿಸಿ, ಮಶೀನಿನ ಚಕ್ರವನ್ನು ಕೈಯಿಂದ ಸ್ವಲ್ಪ ತಿರುಗಿಸಿ ಬರುತ್ತಿದ್ದಳು. ತುಕ್ಕು ಹಿಡಿಯಬಾರದೆಂದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಿದ್ದಳು.

ಇಂಥ ಜಾಗವಿಲ್ಲದ ಮನೆಗೆ ಕಾಕಾ ಕಲಬುರ್ಗಿಯಿಂದ ಕಂಪ್ಯೂಟರ್ ತಂದರು. ಅದಕ್ಕೆ ಜಾಗ ಹುಡುಕುವುದು ಯಾರಿಗೂ ಕಷ್ಟವಾಗಲಿಲ್ಲ. ಪಡಸಾಲೆಯ ನಡುವೆ ಮೇಜು ಬಂತು, ಮೇಜಿನ ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಮಶೀನು, ಮಶೀನಿನ ಮೇಲೆ ವಿಭೂತಿಯ ಪಟ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಮಶೀನು ಎಂಬ ಹೆಸರಿನವು ಎರಡಾದವು. ಒಂದಕ್ಕೆ ಊದುಬತ್ತಿ, ಒಂದಕ್ಕೆ ಎಮ್ಮೆ. ಕಾಕಾ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಟೈಪು ಮಾಡಿಕೊಡುವುದಾಗಿ ಬೋರ್ಡು ಬರೆಸಿದರು. ಆಗ ಕಂಪ್ಯೂಟರಿನಲ್ಲಿ ಈಗಿನಂತೆ ಬಣ್ಣದ ಚಿತ್ರಗಳನ್ನು ಒತ್ತಿ ಕೆಲಸ ಮಾಡುವಂತಿರಲಿಲ್ಲ. ಡಾಸ್ ಎಂಬುದೊಂದಿತ್ತು. ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ, ನಾವು ಅಕ್ಷರ ಹೊಡೆದು ಅಪ್ಪಣೆ ಕೊಡಬೇಕು. ಕಾಕಾನಿಗೆ ಅಪ್ಪಣೆ ಕೊಡುವುದು ಬಹಳ ಇಷ್ಟ; ಆದರೆ ಸ್ಪೆಲ್ಲಿಂಗು ಬೇಕಾಗುತ್ತಿತ್ತಲ್ಲ, ಅದಕ್ಕೆ ಹೈಸ್ಕೂಲು ಓದುತ್ತಿದ್ದ ನನ್ನನ್ನು ಕೂಗುತ್ತಿದ್ದರು. ಮಶೀನಿನಲ್ಲಿ ಕೆಲಸಕ್ಕಿಂತ ಶೋಕಿ ಹೆಚ್ಚು. ಪರದೆಯ ಮೂಲೆಯಲ್ಲಿ ಗಡಿಯಾರ ಓಡಬೇಕು, ಒಂದು ಗುಂಡಿ ಒತ್ತಿದರೆ ಕ್ಯಾಲೆಂಡರ್ ತೆರೆಯಬೇಕು, ಸ್ವಿಚ್ಚು ಹಾಕಿದ ಕೂಡಲೇ ಒಂದು ರಾಗ ಕೇಳಬೇಕು. ಎಲ್ಲಿಂದಲೋ ಫ್ಲಾಪಿಗಳಲ್ಲಿ ತಂದು ಇಂಥವನ್ನು ಒಂದೊಂದಾಗಿ ಒಳಗೆ ತುಂಬಿದರು. ಗಡಿಯಾರ ತೋರಿಸಿ ಗಿರಾಕಿಗಳ ಮುಂದೆ ಮೀಸೆ ತಿರುವುತ್ತಿದ್ದರು. ಅವರ ಬೆನ್ನ ಹಿಂದಿನ ಗೋಡೆಯಲ್ಲೇ ದೊಡ್ಡ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

ಅಂದೋಲಾದ ಒಬ್ಬ ಗೌಡರು ಮಗಳ ಲಗ್ನಪತ್ರಿಕೆ ಬರೆಸಲು ಬಂದು ಕೂತ ದಿನ ಮಶೀನು ಕೈ ಎತ್ತಿತು. ಕನ್ನಡ ಬರೆಯುವ ಪ್ರೋಗ್ರಾಮು ತೆರೆಯಲೇ ಇಲ್ಲ. ಪರದೆಯ ಮೇಲೆ ಮೆಮೊರಿ ಸಾಲದು ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ಕಾಕಾ ಮತ್ತೆ ಮತ್ತೆ ಸ್ವಿಚ್ಚು ತೆಗೆದು ಹಾಕಿದರು. ಪ್ರತಿ ಸಲವೂ ಮೊದಲು ರಾಗ, ಆಮೇಲೆ ಅದೇ ಸಾಲು. ಮೆಮೊರಿ ಎಂದರೇನು ಎಂದು ಗೌಡರು ಕೇಳಿದರು. ಗೊತ್ತಿಲ್ಲ ಎನ್ನುವ ಮಾತು ಕಾಕಾನ ಬಾಯಿಂದ ನಾನಂತೂ ಕೇಳಿಲ್ಲ.

"ಮೆಮೊರಿ ಅಂದ್ರ ನೆನಪರಿ, ಗೌಡ್ರ. ಭಾಳ ಕೆಲಸ ಬಿದ್ದು ಮಶೀನಿಗೆ ಮರವು ಬಂದದ. ಒಂದೆರಡು ದಿನ ಆರಾಮ ಕೊಟ್ರ ನೆನಪಾಗ್ತದ."

ಗೌಡರು ಹುಬ್ಬು ಹಾರಿಸಿ ಹೋದರು. ಆಯಿ ಒಳಗಿಂದ ಉಪ್ಪು, ಒಣಮೆಣಸಿನಕಾಯಿ ತಂದು ಮಶೀನಿಗೆ ದೃಷ್ಟಿ ತೆಗೆದಳು. ಮೆಣಸಿನಕಾಯಿಯ ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು. ಎರಡು ದಿನ ಆರಾಮ ಕೊಟ್ಟದ್ದೂ ಆಯಿತು. ಮಶೀನಿಗೆ ಏನೂ ನೆನಪಾಗಲಿಲ್ಲ. ಕೊನೆಗೆ ಕಾಕಾ, ಅದನ್ನು ಮಾರಿದ ರಫೀಕ್ ಭಾಯಿಗೆ ಫೋನು ಮಾಡಲು ಬಸ್ ಸ್ಟ್ಯಾಂಡಿನ ಬೂತಿಗೆ ಹೊರಟರು. ಸ್ಪೆಲ್ಲಿಂಗ್ ಹೇಳುವುದು ಬಂದರೆ ಬೇಕೆಂದು ನನ್ನನ್ನೂ ಕರೆದೊಯ್ದರು. ಲೈನು ಕರಕರ ಎನ್ನುತ್ತಿತ್ತು. ನನಗೆ ಕೇಳಿಸಿದ್ದು ಕಾಕಾನ ಕಡೆಯ ಮಾತಷ್ಟೇ, ಬೂತಿನ ಹೊರಗೆ ನಿಂತವರಿಗೂ ಕೇಳಿಸಿತು.

"ಹಲೋ ರಫೀಕ್ ಭಾಯ್! ಮಶೀನಿಗೆ ಮೆಮೊರಿ ಸಾಲವಲ್ದು!... ಕೆಳಗ ಭರ್ತಿ? ಹೌದ್ರಿ, ಕೆಳಗ ಭರ್ತೀನೇ ಅದ, ಜ್ವಾಳದ ಚೀಲಾ ಅವ... ಮ್ಯಾಲ? ಮ್ಯಾಲ ಖಾಲಿ ಅದರಿ! ನಿಮಗ್ಯಾರ ಹೇಳಿದ್ರು?... ಡ್ರೈವರ್? ನಮ್ಮಲ್ಲಿ ಡ್ರೈವರ್ ಇಲ್ರಿ, ಗಾಡಿನೇ ಇಲ್ಲ... ಬರೋಬ್ಬರ್, ಬರೋಬ್ಬರ್. ಎಲ್ಲಾ ಮ್ಯಾಲ ಹಾಕ್ತೇನಿ!"

ಆ ಬದಿಯಿಂದ ರಫೀಕ್ ಭಾಯಿ ಹೇಳಿದ್ದು ಏನೆಂದು ಮುಂದೆ ಗೊತ್ತಾಯಿತು. ಮಶೀನಿನ ಮೆಮೊರಿಯಲ್ಲಿ ಕೆಳಗಿನ ಭಾಗ ತುಂಬಿದೆ, ಮೇಲಿನ ಭಾಗ ಖಾಲಿ ಇದೆ, ಡ್ರೈವರ್ ಎಂಬ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಮೇಲಕ್ಕೆ ಹಾಕಿರಿ, ಇಷ್ಟು. ಆದರೆ ನಮ್ಮ ಕಡೆಯ ಮನೆಗಳಲ್ಲಿ ಮ್ಯಾಲ ಎಂದರೆ ಮಾಳಿಗೆ, ಬೇರೆ ಅರ್ಥವೇ ಇಲ್ಲ. ಮ್ಯಾಲ ಹಾಕು ಎಂದರೆ ಮೆಣಸಿನಕಾಯಿಯಾದರೂ ಸರಿ, ಶಾವಿಗೆಯಾದರೂ ಸರಿ, ಹೊತ್ತುಕೊಂಡು ಮೆಟ್ಟಿಲು ಹತ್ತಬೇಕು. ಕಾಕಾ ಮನೆಗೆ ಬಂದವರೇ ಆಯಿಯ ಮುಂದೆ ಕೈ ಚಾಚಿದರು.

"ಎವ್ವಾ, ಖೋಲಿ ಕೀಲಿ ಕೊಡು. ಮಶೀನಿಗೆ ಕೆಳಗ ಜಾಗಾ ಸಾಲವಲ್ದಂತ. ಮ್ಯಾಲ ಒಯ್ಯಬೇಕಂತ. ಕಲಬುರ್ಗಿಯಿಂದಾನೇ ಹೇಳ್ಯಾರ."

ಆಯಿ ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟಳು. ಅಳಿಯ ಬಂದರೆ ಎಲ್ಲಿ ಕೂಡಿಸಲಿ ಎಂದು ಕೇಳಲಿಲ್ಲ. ಕಲಬುರ್ಗಿ ಎಂಬ ಹೆಸರು ಬಿದ್ದರೆ ಸಾಕು, ಅವಳ ಮಂಡೆಯಲ್ಲಿದ್ದ ಪದ್ಧತಿಗಳೆಲ್ಲ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ನಾನು ಅವ್ವನ ಮುಖ ನೋಡಿದೆ. ಅವಳು ಅಡುಗೆಮನೆಗೆ ಹೋಗಿ, ಹಿಟ್ಟು ನಾದುತ್ತಿದ್ದ ತಂಗಿಯ ಹತ್ತಿರ ಕೂತಳು.

"ನೋಡಿದೇನ ನೀಲಿ, ನಿನಗ ಸಿಗಲಾರದ ಖೋಲಿ ಜೀವಾ ಇಲ್ಲದ ಪೆಟ್ಟಿಗಿಗೆ ಸಿಕ್ತು."

ಚಿಗವ್ವ ನಕ್ಕಳು. ಅವಳು ಯಾಕೆ ನಕ್ಕಳೋ ನನಗೆ ತಿಳಿಯಲಿಲ್ಲ. ನನಗಂತೂ ಕಣ್ಣಲ್ಲಿ ನೀರು ಬಂದಿತ್ತು. ಪಡಸಾಲೆಯಲ್ಲಿ ಮೆರವಣಿಗೆಯೇ ಹೊರಟಿತು. ಮುಂದೆ ಕಾಕಾ ಪರದೆ ಹೊತ್ತು, ಹಿಂದೆ ಅಪ್ಪ ಪೆಟ್ಟಿಗೆ ಹೊತ್ತು, ಅವರ ಹಿಂದೆ ತಮ್ಮಂದಿರು ವಯರುಗಳ ಬಾಲ ಹಿಡಿದು. ಮೆಟ್ಟಿಲು ಕಡಿದಾಗಿದ್ದವು. ಮೇಜು ತಿರುವಿನಲ್ಲಿ ಸಿಕ್ಕಿಕೊಂಡು ಒಂದು ಕಾಲು ಮುರಿಯಿತು. ಮೇಲೆ ಅಳಿಯನ ಮಂಚವನ್ನು ಗೋಡೆಗೆ ನಿಲ್ಲಿಸಿ, ಮೇಜಿನ ಮುರಿದ ಕಾಲಿಗೆ ಉಗುಳುಬಟ್ಟಲನ್ನು ಮಗುಚಿ ಕೊಟ್ಟರು. ಈಗಲೂ ನನಗೆ ಆ ದಿನದ ಒಂದು ಸಮಾಧಾನವೆಂದರೆ ಅದೇ. ಕಾಕಾ ಸ್ವಿಚ್ಚು ಹಾಕಿದರು. ರಾಗ ಬಂತು. ಮೆಮೊರಿ ಸಾಲದು ಎಂಬ ಸಾಲೂ ಬಂತು. ಆಗ ಅಪ್ಪ, ಬೆವರು ಒರೆಸಿಕೊಳ್ಳುತ್ತ, ಬಹಳ ಗಂಭೀರವಾಗಿ ಕೇಳಿದರು:

"ಇನ್ನೂ ಮ್ಯಾಲ ಒಯ್ಯಬೇಕೇನೋ?"

ಕಾಕಾ ನಿಜಕ್ಕೂ ಸೂರು ನೋಡಿದರು.

ಮರುವಾರ ರಫೀಕ್ ಭಾಯಿ ತಾನೇ ಬಸ್ಸು ಹತ್ತಿ ಬಂದ. ಅಗಲ ಹೊಟ್ಟೆಯ, ಸಡಿಲ ನಾಲಿಗೆಯ ಮನುಷ್ಯ. ಕಂಪ್ಯೂಟರಿಗಿಂತ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದನಂತೆ. ಮಶೀನು ಎಲ್ಲಿ ಎಂದು ಕೇಳಿದ. ನೀವು ಹೇಳಿದಂತೆ ಮ್ಯಾಲ ಹಾಕೇವಿ ಎಂದು ಕಾಕಾ ಬೆರಳು ಮಾಡಿ ತೋರಿಸಿದರು. ಅವನು ಮೆಟ್ಟಿಲು ಹತ್ತಿ ಖೋಲಿಯೊಳಗೆ ಇಣುಕಿದವನು ಹೊಸ್ತಿಲ ಮೇಲೇ ಕುಸಿದು ಕೂತು ನಗತೊಡಗಿದ. ಹೊಟ್ಟೆ ಹಿಡಿದು ನಕ್ಕ. ಕಾಕಾನೂ ಜೊತೆಗೆ ನಕ್ಕರು, ಯಾಕೆಂದು ತಿಳಿಯದೆ. ನಗು ಮುಗಿದ ಮೇಲೆ ಅವನು ಕೆಲಸಕ್ಕೆ ಕೂತ. ಮಶೀನು ಎದ್ದೇಳುವಾಗ ಕೀಬೋರ್ಡಿನ ಮೇಲಿನ ಸಾಲಿನ ಒಂದು ಗುಂಡಿ ಒತ್ತಿ ಹಿಡಿದ; ಹಾಗೆ ಮಾಡಿದರೆ ಒಳಗೆ ತುಂಬಿದ್ದು ಯಾವುದೂ ಎಚ್ಚರವಾಗುವುದಿಲ್ಲ, ಬರೀ ಡಾಸ್ ಮಾತ್ರ ಎದ್ದು ಬರುತ್ತದೆ. ರಾಗ ಬರಲಿಲ್ಲ, ಗಡಿಯಾರ ಬರಲಿಲ್ಲ. ಕನ್ನಡ ಅಕ್ಷರಗಳೂ ಇರಲಿಲ್ಲ, ಆದರೆ ಬರೆಯುವ ಪ್ರೋಗ್ರಾಮು ಸದ್ದಿಲ್ಲದೆ ತೆರೆಯಿತು.

"ನೋಡ್ರಿ, ಮಶೀನ್ ಆರಾಮ ಅದ. ಬೀಮಾರಿ ಅದರದಲ್ಲ, ಒಳಗ ಬಂದು ಕುಂತವ್ರದು. ಕೆಲಸ ಮುಗದ್ರೂ ಎದ್ದು ಹೋಗಂಗಿಲ್ಲ ಇವು. ನೀವು ಕರದ್ರೂ ಕರೀದಿದ್ರೂ ಪಡಸಾಲ್ಯಾಗೇ ಬಿದ್ದಿರ್ತಾವ."

ಆಮೇಲೆ ಇನ್ನೊಂದು ಗುಂಡಿ ಒತ್ತಿದ. ಈಗ ಮಶೀನು ಪ್ರತಿಯೊಂದನ್ನೂ ಒಳಗೆ ಬಿಡಬೇಕೋ ಬೇಡವೋ ಎಂದು ಕೇಳಿ ಕೇಳಿ ಮುಂದೆ ಹೋಯಿತು. ಗಡಿಯಾರ? ಬೇಡ. ಕ್ಯಾಲೆಂಡರ್? ಬೇಡ. ರಾಗ? ಬೇಡ. ಕಾಕಾ ಒಂದೊಂದಕ್ಕೂ ಹೆತ್ತ ಮಗುವನ್ನು ಕಳಿಸುವವರಂತೆ ಒದ್ದಾಡಿದರು.

"ಗಡಿಯಾರ ಒಂದು ಇರಲಿ, ಭಾಯ್. ಮಂದಿ ನೋಡ್ತಾರ."

"ಮಂದಿ ಟೈಮ್ ನೋಡಾಕ ನಿಮ್ಮ ಮನಿಗಿ ಬರ್ತಾರೇನ್ರಿ?"

ಇಷ್ಟು ಕಸ ಗುಡಿಸಿದ ಮೇಲೂ ಕೆಲಸ ಪೂರ್ತಿಯಾಗಲಿಲ್ಲ. ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಮು ದೊಡ್ಡದು, ಅದನ್ನು ಬಿಡುವಂತೆಯೂ ಇಲ್ಲ; ಅದು ಕೆಳಗೆ ಕೂತರೆ ಬರೆಯುವ ಪ್ರೋಗ್ರಾಮಿಗೆ ಮತ್ತೆ ಜಾಗ ಸಾಲದು. ರಫೀಕ್ ಭಾಯಿ ನಮಗೆಲ್ಲ ತಿಳಿಯುವಂತೆ ವಿವರಿಸಿದ. ಡಾಸ್‌ನಲ್ಲಿ ಮಶೀನಿಗೆ ಎಷ್ಟೇ ಮೆಮೊರಿ ಇರಲಿ, ಕೆಲಸ ನಡೆಯುವುದು ಕೆಳಗಿನ ಒಂದು ಸಣ್ಣ ಪಾಲಿನಲ್ಲಿ. ಅದರ ಮೇಲೆ ಇನ್ನೊಂದು ಪಾಲು. ಅದನ್ನು ಪರದೆ ಮತ್ತಿತರ ಸಾಮಾನುಗಳಿಗೆಂದು ಮೀಸಲಿಟ್ಟಿರುತ್ತಾರೆ. ಆ ಮೀಸಲಿನಲ್ಲಿ ಬಳಕೆಯಾಗದ ಜಾಗ ಹುಡುಕಿ, ಕೆಳಗಿನವರನ್ನು ಅಲ್ಲಿಗೆ ಕಳಿಸಬೇಕು. ಕಳಿಸುವಾಗ ದೊಡ್ಡದನ್ನು ಮೊದಲು ಕೂರಿಸಬೇಕು, ಸಣ್ಣವು ಮೊದಲು ಹೋಗಿ ಅಲ್ಲೊಂದು ಇಲ್ಲೊಂದು ಕೂತರೆ ದೊಡ್ಡದಕ್ಕೆ ಜಾಗ ಸಿಗುವುದಿಲ್ಲ. ಈ ಒಂದು ಮಾತು ಮಾತ್ರ ಆಯಿಗೆ ಒಪ್ಪಿಗೆಯಾಯಿತು. ದೊಡ್ಡವರು ಮೊದಲು ಕೂಡುವುದೇ ಪದ್ಧತಿ ಎಂದು ತಲೆ ಆಡಿಸಿದಳು. ರಫೀಕ್ ಭಾಯಿ ಪರದೆಯ ಮೇಲೆ ಮೀಸಲು ಜಾಗದ ಲೆಕ್ಕ ತರಿಸಿ ಒಂದು ಕಡೆ ಬೆರಳಿಟ್ಟ.

"ಇದು ನೋಡ್ರಿ. ಕಪ್ಪು-ಬಿಳಿ ಪರದಾಕ್ಕಂತ ಹಿಡದಿಟ್ಟ ಜಾಗಾ. ನಿಮ್ಮದು ಬಣ್ಣದ ಪರದಾ. ಕಪ್ಪು-ಬಿಳಿದು ಈ ಮಶೀನಿಗೆ ಇಲ್ಲ, ಮುಂದ ಬರೂದೂ ಇಲ್ಲ. ಆದ್ರ ಅದು ಬಂದಾತು ಅಂತ ಈ ಖೋಲಿಗೆ ಕೀಲಿ ಹಾಕಿ ಕುಂತದ ಮಶೀನ್. ಕೆಳಗ ಮಂದಿ ಜಾಗಾ ಇಲ್ದೆ ಸಾಯಾಕತ್ತಾರ!"

ಅವನಿಗೆ ನಮ್ಮ ಮನೆಯ ಯಾವ ಸಂಗತಿಯೂ ಗೊತ್ತಿರಲಿಲ್ಲ. ಅವನು ಕೂತಿದ್ದ ಖೋಲಿ ಯಾರದೆಂದೂ ಗೊತ್ತಿರಲಿಲ್ಲ. ನಾನು ಜೋರಾಗಿ ನಕ್ಕುಬಿಟ್ಟೆ. ಆಯಿ ನನ್ನ ತೊಡೆಗೆ ಚಿವುಟಿದಳು. ಬಾಗಿಲಲ್ಲಿ ಚಹಾದ ಕಪ್ಪುಗಳ ತಟ್ಟೆ ಹಿಡಿದು ಅವ್ವ ನಿಂತಿದ್ದಳು, ಅವಳ ಹಿಂದೆ ಚಿಗವ್ವ. ಪರಗಂಡಸಿನ ಮುಂದೆ, ಅದರಲ್ಲೂ ಆಯಿಯ ಎದುರಿಗೆ, ಅವ್ವ ಬಾಯಿ ತೆರೆದದ್ದನ್ನು ನಾನು ಮೊದಲ ಸಲ ನೋಡಿದೆ.

"ಬರಲಾರದವ್ರ ಸಲುವಾಗಿ ಇಟ್ಟ ಜಾಗಾ ಬಿಡಸಾಕ ಬರ್ತದೇನ್ರಿ?"

"ಬರ್ತದ್ರಿ ಅಕ್ಕಾರ. ಒಂದು ಸಾಲು ಬರದ್ರ ಸಾಕು. ಇದು ನಮ್ಮದು ಅಂತ ಹೇಳೂದು, ಕೂಡೂದು, ಅಷ್ಟೇ."

ಅವನು ಆ ಸಾಲು ಬರೆದ. ಕನ್ನಡದ ಪ್ರೋಗ್ರಾಮು ಮೀಸಲು ಜಾಗದಲ್ಲಿ ಹೋಗಿ ಕೂತಿತು. ಕೆಳಗೆ ಬಯಲಾಯಿತು. ಗೌಡರ ಮಗಳ ಲಗ್ನಪತ್ರಿಕೆ ಆ ಸಂಜೆಯೇ ಪ್ರಿಂಟಾಯಿತು. ಗಿರಾಕಿಗಳು ಮೆಟ್ಟಿಲು ಹತ್ತಿ ಬರುವುದಿಲ್ಲವೆಂದು ಮರುದಿನ ಬೆಳಗ್ಗೆ ಕಾಕಾ ಮಶೀನನ್ನು ಮತ್ತೆ ಪಡಸಾಲೆಗೆ ಇಳಿಸಿದರು. ಇಳಿಸುವ ಗಡಿಬಿಡಿಯಲ್ಲಿ ಖೋಲಿಗೆ ಕೀಲಿ ಹಾಕುವುದನ್ನು ಯಾರೂ ನೆನಪಿಡಲಿಲ್ಲ. ಆಯಿ ಮಶೀನಿಗೆ ಮತ್ತೊಮ್ಮೆ ಆರತಿ ಎತ್ತುತ್ತಿದ್ದಳು. ಆಗ ನಮ್ಮ ಅವ್ವ, ತಂಗಿಯ ಹೆಗಲು ತಟ್ಟಿ ಎಬ್ಬಿಸಿ, ದನಗಳ ಹತ್ತಿರ ಹೋಗಿ ಗೋಣಿತಟ್ಟು ಎಳೆದು ಬಿಸಾಡಿದಳು. ಒಂದು ಬದಿ ಅವ್ವ, ಒಂದು ಬದಿ ಚಿಗವ್ವ, ಕೆಳಗಿನ ಕಬ್ಬಿಣದ ಕಾಲಿಗೆ ನಾನು. ಪಡಸಾಲೆಯ ನಡುವಿನಿಂದಲೇ ಹೋದೆವು. ಬೇರೆ ದಾರಿ ಇರಲಿಲ್ಲ, ಇದ್ದರೂ ಅವ್ವ ಅಂದು ಅದನ್ನು ಹಿಡಿಯುತ್ತಿರಲಿಲ್ಲ. ಆಯಿಯ ಕೈಯಲ್ಲಿ ಆರತಿ ತಟ್ಟೆ ಹಾಗೇ ನಿಂತಿತು.

"ಏ, ಏನಿದು? ಎಲ್ಲಿಗಿ ಒಯ್ಯಾಕತ್ತೀರಿ ಬೇ ಅದನ್ನ? ಅಳಿಯ ಬಂದ್ರ?"

"ಬರಲಿ ಅತ್ತೀ," ಅವ್ವ ಮೆಟ್ಟಿಲ ಮೇಲಿಂದ ತಿರುಗದೆ ಹೇಳಿದಳು. "ಬಂದ್ರ ಅವರ ಧೋತರಕ್ಕ ಅಗಲ ಅಂಚು ಹಚ್ಚಿ ಕೊಡ್ತಾಳ."

ಆ ದಿನ ನಮ್ಮ ಮನೆಯಲ್ಲಿ ಆದ ಜಗಳ ಓಣಿಯ ಆ ತುದಿಗೂ ಕೇಳಿಸಿತು. ಆಯಿ ಊಟ ಬಿಟ್ಟಳು. ಕಾಕಾ ಮನೆತನದ ಮಾನದ ಬಗ್ಗೆ ಭಾಷಣ ಮಾಡಿದರು. ಹಿಂದಿನ ವಾರ ಅದೇ ಮಾನದ ಉಗುಳುಬಟ್ಟಲನ್ನು ಮೇಜಿನ ಕಾಲಿಗೆ ಕೊಟ್ಟದ್ದು ಅವರೇ. ಅಪ್ಪ ಗೋಡೆ ನೋಡಿದರು. ನನಗೆ ಅವರೆಲ್ಲರ ಮೇಲೂ ಎಷ್ಟು ತಿರಸ್ಕಾರ ಹುಟ್ಟಿತೆಂದರೆ, ಕೂಗಾಡುವ ಕಾಕಾನಿಗಿಂತ ಸುಮ್ಮನಿದ್ದ ಅಪ್ಪನೇ ನನಗೆ ಹೆಚ್ಚು ಸಣ್ಣವರಾಗಿ ಕಂಡರು. ಮೇಲೆ ಚಿಗವ್ವ ಇದಾವುದೂ ಕೇಳಿಸದವಳಂತೆ ಕಿಟಕಿಯ ಬೆಳಕಿಗೆ ಮಶೀನು ತಿರುಗಿಸಿ, ಸೂಜಿಗೆ ದಾರ ಪೋಣಿಸಿ, ಪೆಡಲು ತುಳಿಯುತ್ತ ನನ್ನ ಹರಿದ ಲಂಗವನ್ನು ಹೊಲಿದಳು. ಆ ಕಟಕಟ ಸಪ್ಪಳ ಸೂರಿನಿಂದ ಇಳಿದು ಬಂದಾಗ ಎಮ್ಮೆ ಕೂಡ ತಲೆ ಎತ್ತಿ ನೋಡಿತು.

ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಕಾಯಿಪಲ್ಲೆಯ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದೆವು. ಹಬ್ಬ ಮುಗಿದದ್ದೇ ಮಟಕಿಯಿಂದ ಚಿಗವ್ವನ ಮಾವ ಬಂದ. ದೊಡ್ಡ ರುಮಾಲು, ಕೈಯಲ್ಲಿ ಕೊಡೆ. ಸೊಸೆಯ ಕ್ಷೇಮ ಕೇಳಲಿಲ್ಲ. ಕಡಲೆ ಕೀಳಲು ಆಳು ಸಿಗುತ್ತಿಲ್ಲ ಎಂದು ಮಾತು ಶುರು ಮಾಡಿದ. ಅವನಿಗೆ ಬೇಕಾದದ್ದು ಸೊಸೆಯಲ್ಲ, ಕೂಲಿ ಕೇಳದ ಎರಡು ಕೈ. ಚಹಾ ಬಂತು. ಆಯಿ ಸೆರಗು ಸರಿಪಡಿಸಿಕೊಂಡು, ಕರೆದೊಯ್ಯಿರಿ ಎಂದು ಹೇಳಲು ಅಣಿಯಾಗಿ ಕೂತಳು. ಅಷ್ಟರಲ್ಲಿ ಮೇಲಿಂದ ಕಟಕಟ ಸುರುವಾಯಿತು. ಅವನು ಚಹಾದ ಬಸಿ ಹಿಡಿದುಕೊಂಡೇ ಸೂರು ನೋಡಿದ.

"ಮ್ಯಾಲ ಏನ್ರಿ ಅದು ಸಪ್ಪಳ?"

ಹೊಲಿಗೆ ಮಶೀನು ಎಂದರೆ ಮುಗಿಯುತ್ತಿತ್ತು. ಆದರೆ ತಿಳಿವಳಿಕೆ ತೋರಿಸುವ ಅವಕಾಶ ಬಂದಾಗ ನಮ್ಮ ಕಾಕಾ ಸುಮ್ಮನಿರುವವರೇ?

"ಮಶೀನರಿ. ಮ್ಯಾಲ ಲೋಡ್ ಮಾಡೇವಿ. ಕೆಳಗ ಭರ್ತಿ ಆದ್ರ ಹಂಗ ಮಾಡಬೇಕಾಗ್ತದ. ಒಮ್ಮಿ ಮ್ಯಾಲ ಕುಂತಿದ್ದು ಕೆಳಗ ಇಳಿಯೂದಿಲ್ಲರಿ. ಅದು ಕಂಪ್ಯೂಟರಿನ ಕಾನೂನು."

ಆಯಿ ಮಗನನ್ನು ನುಂಗುವಂತೆ ನೋಡಿದಳು. ಮಟಕಿಯ ಮಾವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಕಾನೂನು ಎಂಬ ಮಾತಿಗೆ ಮಾತ್ರ ಸ್ವಲ್ಪ ಹೆದರಿದಂತೆ ಕಂಡ. ಕಾಕಾನನ್ನು ಬಿಟ್ಟು ಅವನು ಮನೆಯ ಹಿರಿಯ ಮಗನ ಕಡೆಗೆ, ಅಂದರೆ ಅಪ್ಪನ ಕಡೆಗೆ ತಿರುಗಿದ.

"ನಮ್ಮ ಸೊಸಿನ್ನ ಕಳಸ್ರಿ. ನಿಮ್ಮಲ್ಲಿ ಜಾಗಾ ಇಲ್ಲಂತ ನಿಮ್ಮ ಅವ್ವಾರೇ ಹೇಳಿ ಕಳಸ್ಯಾರ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಮೇಲೆ ಸಪ್ಪಳ ನಿಂತಿತು, ಚಿಗವ್ವನಿಗೂ ಕೇಳಿಸುತ್ತಿತ್ತು. ಅಪ್ಪ ಗೋಡೆಯಿಂದ ಬೆನ್ನು ತೆಗೆದರು. ನನ್ನ ತಾಯಿಯನ್ನು ನೋಡಲಿಲ್ಲ, ತಮ್ಮ ತಾಯಿಯನ್ನೂ ನೋಡಲಿಲ್ಲ. ಚಹಾದ ಕಪ್ಪು ಕೆಳಗಿಟ್ಟರು.

"ಜಾಗಾ ಅದರಿ," ಅಂದರು.

ಅಷ್ಟೇ. ಮತ್ತೆ ಗೋಡೆಗೆ ಒರಗಿದರು. ಮಟಕಿಯ ಮಾವ ಇನ್ನೇನೋ ಬರುತ್ತದೆಂದು ಕಾದ, ಬರಲಿಲ್ಲ. ಕೊಡೆ ತೆಗೆದುಕೊಂಡು ಎದ್ದ. ಅವನು ತಲೆಬಾಗಿಲು ದಾಟುವ ಮೊದಲೇ ಮೇಲೆ ಕಟಕಟ ಮತ್ತೆ ಸುರುವಾಯಿತು. ಅಪ್ಪನ ಆ ಒಂದು ಮಾತಿಗೆ ನಾನು ಅವರ ಎಷ್ಟೋ ವರ್ಷಗಳ ಮೌನವನ್ನು ಮನ್ನಿಸಿದೆ. ಎಲ್ಲವನ್ನೂ ಅಲ್ಲ.

ಅಫಜಲಪುರದ ಮಾವ ಆಯಿ ತೀರಿಕೊಂಡಾಗ ಬಂದಿದ್ದ. ಪಡಸಾಲೆಯಲ್ಲಿ ಕೂತು, ಅಲ್ಲೇ ಎದ್ದು ಹೋದ. ತನಗೊಂದು ಖೋಲಿ ಇತ್ತೆಂಬುದೇ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ಚಿಗವ್ವ ಆ ಖೋಲಿಯಲ್ಲಿ ಹೊಲಿದು ಹೊಲಿದು, ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಹಾಕಿದಳು. ನಾನು ಈಗ ಆಳಂದದಲ್ಲಿ ಮಾಸ್ತರಿಕೆ ಮಾಡುತ್ತೇನೆ. ಶಾಲೆಗೆ ಮಕ್ಕಳ ಭರ್ತಿ ಸಮಯದಲ್ಲಿ ನಮ್ಮ ಹೆಡ್‌ಮಾಸ್ತರು ತಾಯಂದಿರ ಮುಂದೆ ಕೈ ಅಲ್ಲಾಡಿಸಿ ಜಾಗಾ ಇಲ್ರಿ ಎಂದಾಗ ನಾನು ಎದ್ದು ಹೋಗಿ, ಸಾಹೇಬರು ಬಂದರೆ ಕೂರಲೆಂದು ಕೀಲಿ ಹಾಕಿಟ್ಟ ಕೋಣೆಯ ಮುಂದೆ ನಿಲ್ಲುತ್ತೇನೆ. ಅವರಿಗೆ ನನ್ನ ಕಂಡರಾಗುವುದಿಲ್ಲ. ನನಗೂ ಅವರನ್ನು ಕಂಡರಾಗುವುದಿಲ್ಲ.

ಇನ್ನು ಕಾಕಾನ ಭಾಷಣ. ಶಾಲು ಹೆಗಲಿಗೇರಿಸಿ, ಮೈಕಿಗೆ ಬಾಯಿ ಹಚ್ಚಿ, ಅವರು ಮಶೀನು ಕೆಟ್ಟ ಕಥೆ ಹೇಳಿದರು. ರಫೀಕ್ ಭಾಯಿಯ ಹೆಸರು ಬರಲಿಲ್ಲ, ಗಡಿಯಾರವೂ ಬರಲಿಲ್ಲ.

"ಆಗ ರಿಪೇರಿ ಮಾಡವ್ರು ಯಾರಿದ್ರರಿ? ನಾನೇ ವಿಚಾರ ಮಾಡಿದೆ. ಮಶೀನ ಕೆಳಗಿನಿಂದ ಮ್ಯಾಲ ಒಯ್ದೆ. ಮ್ಯಾಲ ಒಯ್ದಿದ್ದಕ್ಕೇ ಎಲ್ಲಾ ರಿಪೇರಿ ಆತು!"

ಸಭೆ ಚಪ್ಪಾಳೆ ಹೊಡೆಯಿತು. ಕಂಪ್ಯೂಟರನ್ನು ಮಾಳಿಗೆಗೆ ಹೊತ್ತು ಗುಣಪಡಿಸಿದ ಮಹನೀಯರಿಗೆ ಒಬ್ಬನಾದರೂ ಒಂದು ಪ್ರಶ್ನೆ ಕೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಅಲ್ಲೇ ಹೇಳಿಬಿಡಬೇಕೆಂದು ಕುರ್ಚಿಯಿಂದ ಏಳಹೋದೆ. ಅಷ್ಟು ಹೊತ್ತೂ ವೇದಿಕೆಯ ಪರದೆಯ ಹೊಲಿಗೆಯನ್ನೇ ನೋಡುತ್ತ ಕೂತಿದ್ದ ಚಿಗವ್ವ ನನ್ನ ಸೆರಗು ಹಿಡಿದು ಜಗ್ಗಿದಳು.

"ಕೂಡು ಬೇ. ಖರೇನೇ ಹೇಳಾಕತ್ತಾನ."

"ಏನು ಖರೇ, ಚಿಗವ್ವ? ಸುಳ್ಳಿನ ಮೂಟಿ ಅದು!"

"ಮ್ಯಾಲ ಒಯ್ದಿದ್ದಕ್ಕೇ ರಿಪೇರಿ ಆತಲ್ಲವ್ವ," ಅಂದಳು ಚಿಗವ್ವ, ಮತ್ತು ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ಕೈಗಳಿಂದ ಚಪ್ಪಾಳೆ ಹೊಡೆದಳು.